ಬಿಗಿ ಮೇಸ್ತ್ರಿಯ ಪೈಪು

"ಪೈಪೆಲ್ಲಿ? ಪೈಪಿಲ್ಲದೆ ಇದು ಆಗೋ ಮಾತಲ್ಲ," ಎನ್ನುತ್ತ ಗ್ರೀಸಣ್ಣ ಅಂಗಿಯ ತೋಳು ಮಡಚಿಕೊಂಡು ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತ.

ಹೆಣವನ್ನು ಆಗಲೇ ವ್ಯಾನಿನೊಳಗೆ ಇಟ್ಟಾಗಿತ್ತು. ಹಿಂದೆ ಬೀದಿಯುದ್ದಕ್ಕೂ ಕಾರುಗಳು ಸಾಲುಗಟ್ಟಿ ನಿಂತಿದ್ದವು. ಇನ್ನೇನು ಹೊರಡಬೇಕು ಅನ್ನುವಾಗ ವ್ಯಾನಿನ ಹಿಂದಿನ ಟೈರು ನೆಲಕಚ್ಚಿರುವುದು ಡ್ರೈವರನ ಕಣ್ಣಿಗೆ ಬಿದ್ದಿತ್ತು. ಚಕ್ರ ಬದಲಿಸುವುದೇನು ಮಹಾ ಕೆಲಸ? ಆದರೆ ಅದನ್ನು ಕೊನೆಯ ಸಲ ಹಾಕಿದವನು ಒಳಗೆ ಮಲಗಿರುವ ಬಿಗಿ ಮೇಸ್ತ್ರಿಯೇ ಎಂದು ತಿಳಿದದ್ದೇ ತಡ, ನೆರೆದವರೆಲ್ಲ ತಲೆ ಮೇಲೆ ಕೈ ಹೊತ್ತುಕೊಂಡರು.

"ಮುಗೀತು ಬಿಡಿ, ಇವತ್ತಿಗೆ ಸ್ಮಶಾನ ಮುಟ್ಟಿದ ಹಾಗೇ," ಎಂದರು ಮೂಲೆಮನೆಯ ಮೇಷ್ಟ್ರು. "ಹೋದ ವರ್ಷ ನಡುದಾರೀಲಿ, ಇವರೇ ಬಿಗಿದ ಚಕ್ರ ಪಂಕ್ಚರ್ ಆಯ್ತು. ನಟ್ಟಿಗೆ ಪಾನಾ ಹಾಕಿ ನಾನು ತುಳಿದೆ, ನನ್ನ ಹೆಂಡತಿ ತುಳಿದ್ಲು, ಪಾಪ, ಯಾರೋ ಲಾರಿಯವನು ಇಳಿದು ಬಂದು ತುಳಿದ. ಪಾನಾ ಬಾಗಿತು. ನಟ್ಟು ಜಪ್ಪಯ್ಯ ಅಂದ್ರೂ ಅಲ್ಲಾಡ್ಲಿಲ್ಲ."

"ನಂದು ಬೋಲ್ಟೇ ಮುರಿದು ಕೈಗೆ ಬಂತು," ಎಂದ ಹಾಲಿನವನು. "ಅವತ್ತು ಇವರಪ್ಪ, ಇವರಜ್ಜ, ಯಾರನ್ನೂ ಬಿಡದೆ ನೆನೆಸ್ಕೊಂಡೆ."

ಸಾವಿನ ಮನೆಯೆಂಬುದನ್ನು ಮರೆತು ಒಂದಿಬ್ಬರು ನಕ್ಕರು. ವ್ಯಾನಿನ ಬಾಗಿಲ ಬಳಿ ಮಗಳ ತೋಳು ಹಿಡಿದು ನಿಂತಿದ್ದ ಮೇಸ್ತ್ರಿಯ ಹೆಂಡತಿಗೆ ಆ ನಗು ಬೇಸರ ತರಲಿಲ್ಲ. ಗಂಡನಿಗೆ ಊರವರಿಂದ ಸಿಕ್ಕ ಹೊಗಳಿಕೆ ಅಂತ ಇದ್ದದ್ದು ಇದೊಂದೇ, ಅದೂ ಬೈಗುಳದ ರೂಪದಲ್ಲಿ.

ಯಾರೋ ಶೆಡ್ಡಿನಿಂದ ಮೇಸ್ತ್ರಿಯ ಪೈಪನ್ನೇ ತಂದರು. ಎದೆಯೆತ್ತರದ ಕಬ್ಬಿಣದ ಕೊಳವೆ. ಪಾನಾದ ಹಿಡಿಗೆ ಸಿಕ್ಕಿಸಿ ತುಳಿದರೆ ಒಬ್ಬನ ಬಲಕ್ಕೆ ನಾಲ್ವರ ಬಲ ಕೂಡುತ್ತಿತ್ತು. ಮೇಸ್ತ್ರಿಯ ಜೊತೆ ಒಂದೇ ಶೆಡ್ಡಿನಲ್ಲಿ ತಲೆ ನೆರೆಸಿಕೊಂಡ ಗ್ರೀಸಣ್ಣ ಅದನ್ನು ಸಿಕ್ಕಿಸಿ, "ಸತ್ತ ಮೇಲೂ ಕಾಡ್ತೀಯಲ್ಲೋ ಮಾರಾಯ," ಎಂದು ಮೈಭಾರವನ್ನೆಲ್ಲ ಹೇರಿದ.

ಮರುಕ್ಷಣ ಅವನು ಬೀದಿಯಲ್ಲಿ ಅಂಗಾತ ಬಿದ್ದಿದ್ದ.

ನಟ್ಟು ಸಲೀಸಾಗಿ ತಿರುಗಿಬಿಟ್ಟಿತ್ತು. ಧೂಳು ಕೊಡವಿಕೊಂಡು ಎದ್ದವನು ಎರಡನೆಯದಕ್ಕೆ ಪೈಪು ಬಿಟ್ಟು ಬರೀ ಪಾನಾ ಹಾಕಿದ. ಮೂರನೆಯದಕ್ಕೆ ಪಾನಾವೂ ಬೇಕಾಗಲಿಲ್ಲ, ಬೆರಳು ಸಾಕಾಯಿತು. ನಗುತ್ತಿದ್ದವರು ಬಗ್ಗಿ ಚಕ್ರ ನೋಡಿದರು.

*

ಹಾಗೆ ಬಿಗಿಯುವ ಹುಚ್ಚು ಮೇಸ್ತ್ರಿಗೆ ಹುಟ್ಟಿನಿಂದ ಬಂದದ್ದಲ್ಲ. ಮದುವೆಯಾದ ಹೊಸತರಲ್ಲಿ ಗಂಡ ಹೆಂಡತಿ ಇಬ್ಬರೂ ರಸ್ತೆ ಬದಿಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಒಂದು ಒಂಟಿ ಚಕ್ರ ಅವರ ಮುಂದೆಯೇ ಉರುಳಿಕೊಂಡು ಹೋಯಿತು. ಅವಳು ನಕ್ಕಿದ್ದಳು. ಆಮೇಲೆ ಆ ಚಕ್ರದ ಕಾರು ಬಂತು, ಮಗುಚಿಕೊಂಡು, ರಸ್ತೆಯನ್ನು ಕೆರೆಯುತ್ತ. ಒಳಗಿದ್ದವರಲ್ಲಿ ಯಾರೂ ಉಳಿಯಲಿಲ್ಲ.

ಮಾರನೆಯ ದಿನ ಅವನು ಶೆಡ್ಡಿಗೆ ಆ ಪೈಪು ತಂದ. ಗಿರಾಕಿಗಳು ಜಗಳಕ್ಕೆ ಬಂದರೆ ಅವನದು ಒಂದೇ ಉತ್ತರ: "ಬಿಚ್ಚೋವಾಗ ಬೈಕೊಳ್ಳಿ ಸ್ವಾಮಿ, ಚೆನ್ನಾಗಿ ಬೈಕೊಳ್ಳಿ. ಬೈಯೋಕಾದ್ರೂ ಬದುಕಿರ್ತೀರಲ್ಲ."

*

"ನೀನೇ ಮುಟ್ಟಿದೀಯ ಇದನ್ನ," ಎಂದು ಗ್ರೀಸಣ್ಣ ಡ್ರೈವರನ ಮೇಲೆ ಹರಿಹಾಯ್ದ. "ಅವನು ಬಿಗಿದ ನಟ್ಟು ಹೀಗಿರೋಕೆ ಸಾಧ್ಯವೇ ಇಲ್ಲ."

"ನನ್ನ ಮಕ್ಕಳಾಣೆ ಮುಟ್ಟಿಲ್ಲಣ್ಣ! ಈಚೆಗೆ ವ್ಯಾನು ಒಂಥರಾ ಓಲಾಡ್ತಿತ್ತು ನಿಜ. ಮೇಸ್ತ್ರಿ ಹಾಕಿದ ಚಕ್ರ ಅಲ್ವಾ ಅಂತ ಬಗ್ಗಿ ಕೂಡ ನೋಡ್ಲಿಲ್ಲ."

"ಸತ್ತವರ ಮೇಲೆ ಹಾಕ್ತೀಯಾ? ನಾಲಿಗೆ ಹೇಗೆ ಹೊರಳುತ್ತಯ್ಯ ನಿಂಗೆ?" ಎಂದರು ಮೇಷ್ಟ್ರು.

"ಮಾಲೀಕರಿಗೆ ಫೋನ್ ಹಚ್ಚಿ," ಎಂದ ಹಾಲಿನವನು. "ಇಂಥವನ ಕೈಗೆ ಗಾಡಿ ಕೊಟ್ರೆ ಹೆಣಕ್ಕೆ ಬರಗಾಲ ಇರಲ್ಲ."

ಡ್ರೈವರನ ಕಣ್ಣಲ್ಲಿ ನೀರು ತುಂಬಿತು. ಮೇಸ್ತ್ರಿಯ ಹೆಂಡತಿ ಅವನನ್ನು ನೋಡಿದಳು. ಆಮೇಲೆ ಬೀದಿಯ ಸಾಲನ್ನು ನೋಡಿದಳು. ಅವುಗಳಲ್ಲಿ ಗಂಡನ ಕೈ ಹಾಯದ ಕಾರು ಒಂದಾದರೂ ಇತ್ತೇ? ಮೊದಲನೆಯದು ಮಗಳದ್ದು. ಕಳೆದ ತಿಂಗಳು ನಾಲ್ಕೂ ಚಕ್ರಕ್ಕೆ ಹೊಸ ಟೈರು ಹಾಕಿ ಅಪ್ಪನೇ ಕಳಿಸಿಕೊಟ್ಟಿದ್ದ. ಹಿಂದಿನ ಸೀಟಿನಲ್ಲಿ ಮೊಮ್ಮಗಳು ಕಿಟಕಿಗೆ ಕೆನ್ನೆಯೊತ್ತಿ ನಿದ್ದೆಹೋಗಿದ್ದಳು.

ಅವಳು ಮಗಳ ತೋಳನ್ನು ಇನ್ನೂ ಬಿಗಿಯಾಗಿ ಹಿಡಿದಳು.

*

ಮನೆಯಲ್ಲೂ ಮೇಸ್ತ್ರಿಯದು ಅದೇ ಬಿಗಿ. ಅವನು ಮುಚ್ಚಿದ ಸಕ್ಕರೆ ಡಬ್ಬಿ ಹಿಡಿದು ತೆಗೆಸಲು ಅವಳು ಪಕ್ಕದ ಮನೆಗೆ ಓಡಬೇಕಿತ್ತು. "ನಮ್ಮ ಸಂಸಾರ ನಡೀತಿರೋದು ನಿಮ್ಮೆಜಮಾನ್ರ ಕೈಯಲ್ಲಿ," ಎಂದು ಅಲ್ಲಿಯ ಹೆಂಗಸಿನೊಡನೆ ತಮಾಷೆ ಮಾಡುತ್ತಿದ್ದಳು. ಅಂಥ ಡಬ್ಬಿ ಕೆಲವು ತಿಂಗಳ ಹಿಂದೆ ಒಂದು ದಿನ ಮುಟ್ಟಿದ್ದಕ್ಕೇ ತೆರೆದುಕೊಂಡಿತು. ಮರುದಿನವೂ. ಈ ವಯಸ್ಸಿಗಾದರೂ ತನ್ನ ಮೇಲೆ ಕನಿಕರ ಬಂತಲ್ಲ ಎಂದು ಹಿಗ್ಗಿ ಅವಳು ಅವನ ಚಹಾಕ್ಕೆ ಒಂದು ಚಮಚ ಸಕ್ಕರೆ ಹೆಚ್ಚೇ ಹಾಕಿದ್ದಳು.

ಕೆಲವು ವಾರಗಳ ಮೇಲೆ ಬುತ್ತಿ ಕೊಡಲು ಶೆಡ್ಡಿಗೆ ಹೋದಾಗ ಅವನು ಯಾವುದೋ ಕಾರಿನ ಚಾವಣಿ ಹಿಡಿದು ಪೈಪಿನ ಮೇಲೆ ಎರಡೂ ಕಾಲಿಟ್ಟು ಕುಣಿಯುತ್ತಿದ್ದ. ಗ್ರೀಸಣ್ಣ ಊಟಕ್ಕೆ ಹೋಗಿದ್ದ. ಅವಳಿಗೆ ನಗು ಬಂತು.

"ನಗ್ಬೇಡ," ಎಂದ. "ಬಾ ಇಲ್ಲಿ. ನೀನೂ ಒಂಚೂರು ಒತ್ತು. ಕೈಯಲ್ಲಿ ಏನೂ ಉಳಿದಿಲ್ಲ ಕಣೇ."

ಬುತ್ತಿ ಕೆಳಗಿಟ್ಟು ಅವಳೂ ಒತ್ತಿದಳು. ಗಂಡ ಹೆಂಡತಿ ಒಂದೇ ಪೈಪಿಗೆ ಜೋತುಬಿದ್ದರು.

"ಡಾಕ್ಟರ ಹತ್ರ ಹೋಗೋಣ. ಸ್ವಲ್ಪ ದಿನ ಬಿಟ್ಟುಬಿಡಿ ಕೆಲಸ."

"ಯಾರಿಗೂ ಹೇಳ್ಬೇಡ. ಇದೊಂದು ಹೋದ್ರೆ ನಂದು ಅನ್ನೋದು ಏನಿದೆ ಹೇಳು?"

ಅವಳು ಮಾತು ಕೊಟ್ಟಿದ್ದಳು. ಅವನು ಕೆಲಸ ಬಿಡಲಿಲ್ಲ. ಕೊನೆಗೆ ಕುಸಿದದ್ದೂ ಒಂದು ಚಕ್ರದ ಪಕ್ಕದಲ್ಲೇ.

*

"ಡ್ರೈವರನ್ನ ಬಿಡಿ," ಎಂದಳು ಮೇಸ್ತ್ರಿಯ ಹೆಂಡತಿ. ಯಾರಿಗೂ ಕೇಳಿಸಲಿಲ್ಲ. ಗ್ರೀಸಣ್ಣನಿಗೆ ಮಾತ್ರ ಕೇಳಿಸಿತು. ಅವಳ ಮುಖ ನೋಡಿದ್ದೇ ಅವನಿಗೆ ಎಲ್ಲ ಹೊಳೆದಿರಬೇಕು, ಹತ್ತಿರ ಬಂದು ದನಿ ತಗ್ಗಿಸಿದ.

"ಅತ್ತಿಗೆ, ಬೇಡ. ಇವತ್ತೊಂದಿನ ಅವನ ಮರ್ಯಾದೆ ಉಳೀಲಿ. ಆಮೇಲೆ ನಾನೇ ಒಬ್ಬೊಬ್ಬರ ಮನೆಗೂ ಹೋಗಿ ಚಕ್ರ ನೋಡ್ತೀನಿ. ಯಾರಿಗೂ ಗೊತ್ತಾಗಲ್ಲ."

"ಆಮೇಲೆ ಅಂದ್ರೆ ಯಾವಾಗ? ಇವರೆಲ್ಲ ಈಗಲೇ ಗಾಡಿ ಹತ್ತಲ್ವಾ?"

ಅವಳು ಒಳಗೆ ಮಲಗಿದ್ದವನ ಕಡೆ ತಿರುಗಿದಳು. ಹೊದಿಕೆಯಿಂದ ಹೊರಬಿದ್ದ ಕೈಯ ಉಗುರುಗಳಲ್ಲಿ ಎಷ್ಟು ತೊಳೆದರೂ ಹೋಗದ ಕಪ್ಪು. ಆ ಕೈಯನ್ನು ಒಳಗೆ ಸರಿಸಿ ಹೊದಿಕೆ ಎಳೆದಳು. ಅವನ ಮರ್ಯಾದೆಯನ್ನು ತಾನೇ, ತನ್ನ ಬಾಯಿಂದಲೇ ತೆಗೆಯಬೇಕಿತ್ತು.

"ಕೇಳಿ ಇಲ್ಲಿ," ಎಂದು ಕೂಗಿದಳು. "ಡ್ರೈವರಂದು ತಪ್ಪಿಲ್ಲ. ಇವರ ಕೈಯಲ್ಲಿ ಬಲ ಹೋಗಿತ್ತು. ತಿಂಗಳುಗಟ್ಟಲೆ ಆಗಿತ್ತು. ನಂಗೆ ಗೊತ್ತಿತ್ತು. ಇವರು ಹಾಕಿದ ಚಕ್ರ ನಂಬಬೇಡಿ. ನಿಮ್ಮ ನಿಮ್ಮ ಗಾಡಿ ನೋಡ್ಕೊಳ್ಳಿ, ಹತ್ತೋಕ್ ಮುಂಚೆ ನೋಡ್ಕೊಳ್ಳಿ."

"ಅಮ್ಮಾ, ಏನ್ ಹೇಳ್ತಿದೀಯ?" ಎಂದಳು ಮಗಳು.

"ಮೊದಲು ಮಗೂನ ಇಳಿಸು."

ಮೇಷ್ಟ್ರು ಅವಳ ಮುಖ ನೋಡದೆ ತಮ್ಮ ಕಾರಿನ ಡಿಕ್ಕಿ ತೆಗೆದರು. ಹಾಲಿನವನು ತೆಗೆದ. ಬೀದಿಯುದ್ದಕ್ಕೂ ಡಿಕ್ಕಿಗಳು ತೆರೆದುಕೊಂಡವು. ಸಾವಿಗೆಂದು ಒಳ್ಳೆಯ ಬಟ್ಟೆ ಉಟ್ಟು ಬಂದವರೆಲ್ಲ ಧೂಳಿನಲ್ಲಿ ಮೊಣಕಾಲೂರಿ ಒಂದೊಂದು ಚಕ್ರದ ಮುಂದೆ ಕೂತು ಪಾನಾ ತಿರುಗಿಸತೊಡಗಿದರು.

ಅವಳು ವ್ಯಾನಿನ ಮೆಟ್ಟಿಲ ಮೇಲೆ, ಗಂಡನ ಕಾಲ ಬಳಿ ಕೂತು ಕಿವಿಗೊಟ್ಟಳು. ಒಬ್ಬನಾದರೂ ಏದುಸಿರು ಬಿಡಲಿ, ಒಂದಾದರೂ ಪಾನಾ ಬಾಗಲಿ, ಒಂದಾದರೂ ಬೈಗುಳ ಕೇಳಲಿ ಎಂದು ಕಾದಳು. ಪೈಪು ಬಿದ್ದಲ್ಲೇ ಬಿದ್ದಿತ್ತು. ಯಾರೂ ಅದನ್ನು ಕೇಳಿ ಬರಲಿಲ್ಲ. ಬೀದಿಯುದ್ದಕ್ಕೂ ನಟ್ಟುಗಳು ಮೆತ್ತಗೆ ತಿರುಗುತ್ತಿದ್ದವು. ಯಾರೊಬ್ಬರೂ ಬೈಯಲಿಲ್ಲ.