ದವಾಖಾನೆಯ ನಳ

"ಕೊಡ ಹಿಂದಕ್ಕ ತಗಿ, ಹೊಲೇರ ರಂಡಿ. ದೇವರಿಗೆ ನೀರ ಸಿಡ್ಯಾಕತ್ತಾವ."

ಕಂಪೌಂಡರ್ ಮಾಲಿಂಗಪ್ಪ ದವಾಖಾನೆಯ ಕಟ್ಟೆಯ ಮೇಲಿಂದಲೇ ಅಂದ. ರಾಯವ್ವ ಕೊಡ ತೆಗೆದಳು. ನಿನ್ನೆ ಸಂಜೆ ಅವಳು ಕಸ ಹೊಡೆದು ಮನೆಗೆ ಹೋಗುವಾಗ ನಳದ ಬುಡದಲ್ಲಿ ಏನೂ ಇರಲಿಲ್ಲ. ಈಗ ಒಂದು ಮೊಳದ ಕಲ್ಲು ನಿಂತಿತ್ತು. ಅದಕ್ಕೆ ಎಣ್ಣೆ, ಕುಂಕುಮ, ಒಂದು ದಾಸವಾಳ.

ಕುಲಗೋಡದಾಚೆಯ ಆ ಸಣ್ಣ ಊರಿನ ಸರ್ಕಾರಿ ದವಾಖಾನೆಯಲ್ಲಿ ಕಸ ಗುಡಿಸುವುದು, ರೋಗಿಗಳ ರಕ್ತ ಕೀವಿನ ಪಟ್ಟಿ ತೊಳೆಯುವುದು ರಾಯವ್ವನ ಕೆಲಸ. ಐವತ್ತೆಂಟನೆಯ ಇಸವಿಯಲ್ಲಿ ಅಲ್ಲಿ ನಳ ಹಾಕಿಸಿದಾಗ ಗೋಕಾಕದಿಂದ ಬಂದ ಸಾಹೇಬರೊಬ್ಬರು, ಇದು ಎಲ್ಲ ಜಾತಿಯವರದು, ತಡೆದವರಿಗೆ ಜೇಲು ಎಂದು ಹೇಳಿ ಹೋಗಿದ್ದರು. ಅಂದಿನಿಂದ ಕೇರಿಯ ಹೆಂಗಸರು ಕುಡಿಯುವ ನೀರಿಗೆ ಹಳ್ಳದ ಮರಳಿನಲ್ಲಿ ವರತೆ ತೋಡುವುದನ್ನು ಬಿಟ್ಟಿದ್ದರು. ಊರವರು ಹಲ್ಲು ಕಚ್ಚಿಕೊಂಡು ಸುಮ್ಮನಿದ್ದರು. ಹೊಲೆಯರನ್ನು ಓಡಿಸಿದರೆ ಜೇಲು. ದೇವರನ್ನು ತಂದು ಕೂಡಿಸಿದರೆ ಯಾರೂ ಕೇಳುವವರಿರಲಿಲ್ಲ.

ರಾಯವ್ವ ಡಾಕ್ಟರರಿಗೆ ಹೇಳಿದಳು. ಧಾರವಾಡದ ಕಡೆಯಿಂದ ವರ್ಗವಾಗಿ ಬಂದಿದ್ದ ಅವರು ಇನ್ನೂ ಎಳೆಯ ವಯಸ್ಸಿನವರು. ಸರ್ಕಾರಿ ಜಾಗದಲ್ಲಿ ದೇವರನ್ನು ಕೂಡಿಸಿದ್ದು ತಪ್ಪೇ, ಆದರೆ ಅದನ್ನು ಎತ್ತಿಸಿ ಈ ಊರಲ್ಲಿ ತಾನು ಇರಲಾಗದು ಎಂದರು. ಹೇಳುವಾಗ ಅವಳ ಮುಖ ನೋಡಲಿಲ್ಲ. ಸೂಜಿ ಕುದಿಯುತ್ತಿದ್ದ ಪಾತ್ರೆ ನೋಡುತ್ತಿದ್ದರು.

ಕೇರಿಯ ಯಲ್ಲಾರಿ ನಾಲ್ಕನೆಯ ಇಯತ್ತೆ ಓದಿದವನು. ಅವನು ಅರ್ಜಿ ಬರೆದುಕೊಟ್ಟ. ತಪಾಸಣೆಗೆ ಮೇಲಿನ ಸಾಹೇಬರು ಬರುವ ದಿನ ರಾಯವ್ವ ಅದನ್ನು ಹಿಡಿದು ಬಾಗಿಲಲ್ಲಿ ಕಾದಳು. ಜೀಪಿನಿಂದ ಇಳಿದವರು ಮೊದಲು ನಳದ ಕಡೆ ನಡೆದರು. ಬೂಟು ಬಿಚ್ಚಿ, ಕಾಲು ತೊಳೆದು, ಕಲ್ಲಿಗೆ ಕೈಮುಗಿದರು. ಆಮೇಲೆ ಅರ್ಜಿ ಓದಿದರು, ಮಡಚಿದರು, ಏನಂತ ವಿಚಾರಿಸು ಎಂದು ಮಾಲಿಂಗಪ್ಪನ ಕೈಗೇ ಕೊಟ್ಟರು.

ಕೇರಿ ಮತ್ತೆ ಹಳ್ಳಕ್ಕೆ ಇಳಿಯಿತು. ಬೇಸಿಗೆ ಏರುತ್ತಿದ್ದಂತೆ ಕೇರಿಯ ಕೆಂಪವ್ವನ ಮೊಮ್ಮಗಳಿಗೆ ವಾಂತಿ ಭೇದಿ ಹಿಡಿಯಿತು. ಕೂಸನ್ನು ಹೊತ್ತು ತಂದ ಕೆಂಪವ್ವನಿಗೆ ಡಾಕ್ಟರರು ಔಷಧ ಕೊಟ್ಟು, ಸ್ವಚ್ಛ ನೀರು ಕುಡಿಸಬೇಕು ಎಂದರು. ಕೆಂಪವ್ವ ಆಗಲಿ ಎಂದು ತಲೆ ಆಡಿಸಿದಳು.

ರಾಯವ್ವ ಕಸಬರಿಗೆ ಕೆಳಗಿಟ್ಟಳು. ಕೊಡ ಎತ್ತಿಕೊಂಡು ನೇರ ನಳಕ್ಕೆ ಹೋದಳು. ಸೆರಗು ಕಲ್ಲಿಗೆ ತಾಕಿತು. ಕಟ್ಟೆಯ ಮೇಲಿದ್ದ ರೋಗಿಗಳು ಎದ್ದು ನಿಂತರು. ಯಾರೂ ಹಿಡಿದು ತಡೆಯಲಿಲ್ಲ; ಅವಳನ್ನು ಮುಟ್ಟಿದರೆ ಅವರೇ ಸ್ನಾನ ಮಾಡಬೇಕಿತ್ತು. ತುಂಬಿದ ಕೊಡ ಹೊತ್ತು ಅವಳು ಕೆಂಪವ್ವನ ಹಿಂದೆ ಕೇರಿಗೆ ನಡೆದಳು.

ಮರುದಿನ ನಳ ಇರಲಿಲ್ಲ. ಪೈಪಿನ ಬಾಯಿಗೆ ಕಟ್ಟಿಗೆಯ ಬೆಣೆ ಜಡಿದಿದ್ದರು. ಕಲ್ಲಿಗೆ ಹಾಲೆರೆದು ತೊಳೆದಿದ್ದರು. ದವಾಖಾನೆಗೆ ನೀರು ಗೌಡರ ಬಾವಿಯಿಂದ ಗಾಡಿಯಲ್ಲಿ ಬಂದಿತ್ತು. ಮಾಲಿಂಗಪ್ಪ ಪಟ್ಟಿಗಳ ಬುಟ್ಟಿಯನ್ನು ಕಾಲಿನಿಂದ ಅವಳ ಕಡೆ ನೂಕಿದ.

"ಇನ್ನ ಮ್ಯಾಲ ಇವನ್ನ ಹಳ್ಳದಾಗ ತೊಳಿ. ಕೇರಿಗಿಂತ ಮ್ಯಾಲ. ಕೆಳಗ ಗೌಡರ ದನಾ ನೀರ ಕುಡೀತಾವ."

"ಅಲ್ಲಿ ನೀರ ನಾವು ಕುಡಿತೇವ್ರಿ."

"ಗುಡಿ ನೀರಿಗೆ ಕೈ ಹಚ್ಚುವಾಗ ಅದು ತಿಳೀಲಿಲ್ಲೇನ ಬೋಸುಡಿ?"

ರಾಯವ್ವ ಬುಟ್ಟಿ ಹೊತ್ತು ಹಳ್ಳದ ತನಕ ಹೋದಳು. ಕೆಳಗಡೆ ಕೇರಿಯ ಹೆಂಗಸರು ಬೊಗಸೆಯಿಂದ ವರತೆಯ ಮರಳು ತೆಗೆಯುತ್ತಿದ್ದರು. ಸ್ವಲ್ಪ ಹೊತ್ತು ನೋಡಿದಳು. ತಿರುಗಿ ಬಂದು ಬುಟ್ಟಿಯನ್ನು ಡಾಕ್ಟರರ ಮೇಜಿನ ಮೇಲೆ ಬೋರಲು ಹಾಕಿದಳು.

"ನಮ್ಮ ಮಂದಿ ಕುಡಿಯೋ ನೀರಾಗ ಇದನ್ನ ನಾ ತೊಳ್ಯಾಂಗಿಲ್ರಿ," ಅಂದಳು. "ಈ ನೌಕರಿ ನಿಮ್ಮ ದೇವರಿಗೇ ಕೊಡ್ರಿ."

ಮೂರನೆಯ ದಿನ ಮಾಲಿಂಗಪ್ಪ ಕೇರಿಯ ಅಂಚಿಗೆ ಬಂದು ನಿಂತು ರಾಯವ್ವನ ಕೆಲಸಕ್ಕೆ ಕೆಂಪವ್ವನನ್ನು ಕರೆದ. ಕೂಸು ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಔಷಧ ಆ ದವಾಖಾನೆಯಿಂದಲೇ ಬರಬೇಕಿತ್ತು. ಕೆಂಪವ್ವ ಹೋದಳು.

ಮಧ್ಯಾಹ್ನ ಅವಳು ಬುಟ್ಟಿ ಹೊತ್ತು ಹಳ್ಳಕ್ಕೆ ಬಂದಾಗ ರಾಯವ್ವ ವರತೆಯ ಹತ್ತಿರ ಕೂತಿದ್ದಳು. ಕೆಂಪವ್ವ ತಲೆ ಎತ್ತದೆ ಮೇಲ್ಗಡೆಗೆ ದಾಟಿಹೋಗಿ ಬಂಡೆಯ ಮೇಲೆ ಕುಳಿತಳು.

"ಲಗೂನ ಕೊಡ ತುಂಬ್ಕೋ ತಂಗಿ," ಅಂದಳು. "ಎಲ್ಲಾರಿಗೂ ಹೇಳ. ಆಮ್ಯಾಲ ತೊಳೀತೇನಿ."

ಹೆಂಗಸರು ಅವಸರದಿಂದ ಚರಿಗೆಯಲ್ಲಿ ನೀರು ಗೋರತೊಡಗಿದರು. ವರತೆ ನಿಧಾನವಾಗಿ ತುಂಬುತ್ತಿತ್ತು. ಕೆಂಪವ್ವ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕಾದಳು. ಸಂಜೆಯೊಳಗೆ ಪಟ್ಟಿಗಳು ಒಣಗಬೇಕಿತ್ತು.