ಹುಸೇನಬಿಯ ಮೈಕಿನ ಕರಾರು

ನಾನು ಒಂದು ಹಾರ್ನು. ಊರಿನವರು ನನ್ನನ್ನು ಮೈಕು ಎಂದೇ ಕರೆಯುತ್ತಾರೆ. ನಿಜಕ್ಕೂ ಮೈಕು ಎಂದರೆ ಮಾತಾಡುವವರ ಕೈಯಲ್ಲಿರುವ ಚಿಕ್ಕ ಸಾಮಾನು. ಕಂಬದ ಮೇಲೋ ಜೀಪಿನ ನೆತ್ತಿಯ ಮೇಲೋ ಕುಳಿತು, ಉಮ್ಮತ್ತಿ ಹೂವಿನಂತೆ ಬಾಯಿ ಅಗಲಿಸಿ ಕೂಗುವವನು ನಾನು.

ಹುಟ್ಟಿದ್ದು ಹುಬ್ಬಳ್ಳಿಯ ಗಲ್ಲಿಯೊಂದರ ಕಾರ್ಖಾನೆಯಲ್ಲಿ. ಅಲ್ಯೂಮಿನಿಯಂ ತಗಡನ್ನು ಅಚ್ಚಿಗೆ ಒತ್ತಿ ತಿರುಗಿಸಿ ನನಗೆ ರೂಪ ಕೊಟ್ಟರು, ಬೂದು ಬಣ್ಣ ಬಳಿದರು. "ಹಲೋ, ಹಲೋ" ಎಂದು ಯಾರೋ ಪರೀಕ್ಷೆ ಮಾಡಿದರು. ಅದೇ ನನ್ನ ತೊದಲು ನುಡಿ. ಬಿಳಿಕಟ್ಟಿ ಎಂಬ ಊರಿನ ದಾವಲಸಾಬ ನನ್ನನ್ನು ಕೊಂಡು, ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಹೋದ. ಮದುವೆ, ಕುಸ್ತಿ, ಸೀಮಂತ ಎಲ್ಲಕ್ಕೂ ನಾನು ಬೇಕು. ಕಳೆದುಹೋದ ಆಡಿನ ಸುದ್ದಿಯನ್ನೂ ನಾನೇ ಸಾರಬೇಕು. ಕೆಲಸ ಮುಗಿದ ಮೇಲೆ ದಾವಲಸಾಬ ನನ್ನ ಬಾಯಿಯ ಧೂಳನ್ನು ತನ್ನ ಟವೆಲಿನಿಂದಲೇ ಒರೆಸುತ್ತಿದ್ದ.

ಒಂದು ಬೇಸಿಗೆಯಲ್ಲಿ ಅವನು ಎದೆನೋವಿನಿಂದ ತೀರಿಕೊಂಡ. ಮೈಕ್ ಸೆಟ್ಟು ಇನ್ನು ಮಾರಾಟಕ್ಕೆ ಎಂದೇ ಊರವರು ತಿಳಿದರು. ಆದರೆ ಅವನ ಹೆಂಡತಿ ಹುಸೇನಬಿ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ತಾನೇ ಏಣಿ ಹತ್ತಿ ನನ್ನನ್ನು ಕಂಬಕ್ಕೆ ಬಿಗಿದಳು. "ಹೆಣ್ಮಗಳು ಕಂಬ ಹತ್ಯಾಳ ನೋಡ್ರೋ!" ಎಂದು ಗಂಡಸರು ನಕ್ಕರು. ನನ್ನ ದನಿ ಗರಗರ ಎನ್ನದೆ ಊರಾಚೆಯ ಹೊಲದವರೆಗೆ ಕೇಳಿಸಿದಾಗ ಆ ನಗು ನಿಂತಿತು.

ಬಿಳಿಕಟ್ಟಿಯಲ್ಲಿ ಎರಡು ಓಣಿಗಳು. ಮೇಲಿನ ಓಣಿಯಲ್ಲಿ ಹೊಲವುಳ್ಳವರು. ಅವರಿಗೆ ಅಂದಾನಗೌಡ ಮುಂದಾಳು. ಕೆಳಗಿನ ಓಣಿಯಲ್ಲಿ ಆ ಹೊಲಗಳಲ್ಲಿ ದುಡಿಯುವವರು, ಅವರಿಗೆ ದುರಗಪ್ಪ. ಮೇಲಿನ ಓಣಿಯ ಕಟ್ಟೆಗಳ ಮೇಲೆ ಕೆಳಗಿನವರಿಗೆ ಹಿಂದಿನಿಂದಲೂ ಜಾಗವಿರಲಿಲ್ಲ. ಪಂಚಾಯತಿ ಚುನಾವಣೆಯಲ್ಲಿ ಅಂದಾನಗೌಡ ಒಂದು ಪಕ್ಷ, ದುರಗಪ್ಪ ಇನ್ನೊಂದು ಪಕ್ಷ ಹಿಡಿದ ಮೇಲೆ ಹಳೆಯ ಗಾಯಕ್ಕೆ ಹೊಸ ಬಾವುಟ ಸಿಕ್ಕಂತಾಯಿತು. ಬೆಳಿಗ್ಗೆ ಒಬ್ಬರ ಜೀಪಿನ ಮೇಲೆ ಕುಳಿತು ಕೂಗಿದ ನಾನು, ಸಂಜೆ ಇನ್ನೊಬ್ಬರ ಜೀಪಿನ ಮೇಲೆ ಕುಳಿತು ಕೂಗುತ್ತಿದ್ದೆ. ಎರಡೂ ಜೀಪಿನಲ್ಲಿ ಹುಸೇನಬಿ ಚಾಲಕನ ಪಕ್ಕ, ಮಡಿಲಲ್ಲಿ ಆಂಪ್ಲಿಫೈಯರ್ ಇಟ್ಟುಕೊಂಡು ಕುಳಿತಿರುತ್ತಿದ್ದಳು.

ಚುನಾವಣೆ ಮುಗಿಯಿತು, ಜಗಳ ಮುಗಿಯಲಿಲ್ಲ. ಹಿಟ್ಟಿನ ಗಿರಣಿ ಎರಡಾದವು, ಚಹಾದಂಗಡಿ ಎರಡಾದವು. ಒಂದು ಓಣಿಯಲ್ಲಿ ಹೆಣ ಎತ್ತಿದರೆ ಇನ್ನೊಂದು ಓಣಿಯವರು ಹೆಗಲು ಕೊಡುವುದಿರಲಿ, ಬಾಗಿಲು ಹಾಕಿಕೊಳ್ಳುವ ಕಾಲ ಬಂತು.

ಅಂಥ ಹೊತ್ತಿನಲ್ಲಿ ಬಿಳಿಕಟ್ಟಿಗೆ ಹೈಸ್ಕೂಲು ಮಂಜೂರಾಯಿತು. ತಮ್ಮ ಓಣಿಯಾಚೆಯ ಗುಡಿಯ ಬಯಲಲ್ಲಿ ಕಟ್ಟಬೇಕೆಂದು ಮೇಲಿನವರು, ತಮ್ಮ ಓಣಿಯಾಚೆಯ ಕೆರೆಯ ದಂಡೆಯಲ್ಲಿ ಕಟ್ಟಬೇಕೆಂದು ಕೆಳಗಿನವರು ಹಟ ಹಿಡಿದರು. ಸಭೆ ಕರೆದಾಗಲೆಲ್ಲ ಕುರ್ಚಿಗಳು ಮುರಿದವು. ಕೊನೆಗೆ ಶಿಕ್ಷಣಾಧಿಕಾರಿ ಬಂದು, "ಇದೇ ಕಡೇ ಸಭೆ. ಒಮ್ಮತ ಆಗದಿದ್ರ ಸಾಲಿ ಪಕ್ಕದೂರಿಗೆ ಹೋಗ್ತೈತಿ" ಎಂದು ಹೇಳಿಹೋದರು. ಹುಸೇನಬಿಯ ಮಗಳು ಜೈತುನ ಏಳನೆಯ ತರಗತಿ ಮುಗಿಸಿ ಮನೆಯಲ್ಲಿ ಕುಳಿತಿದ್ದಳು. ಪಕ್ಕದೂರಿಗೆ ಬಸ್ಸಿರಲಿಲ್ಲ. ಎರಡೂ ಓಣಿಗಳಲ್ಲಿ ಅವಳಂತೆ ಓದು ಬಿಟ್ಟ ಹುಡುಗಿಯರು ತುಂಬ ಇದ್ದರು.

ಸಭೆಯ ದಿನ ಪಂಚಾಯತಿಯ ಮುಂದಿನ ಬೇವಿನ ಮರಕ್ಕೆ ನನ್ನನ್ನು ಕಟ್ಟಿದ್ದರು. ಊರಿಗೆ ಊರೇ ನೆರೆದಿತ್ತು. ಮೈಕಿಲ್ಲದೆ ಯಾರ ಮಾತೂ ಯಾರಿಗೂ ಕೇಳಿಸದಷ್ಟು ಗದ್ದಲ. ಅಂದಾನಗೌಡ ಮೈಕಿಗೆ ಕೈಚಾಚಿದಾಗ ಹುಸೇನಬಿ ಕೊಡಲಿಲ್ಲ.

"ಗೌಡ್ರ, ಇವತ್ತ ನಂದೊಂದು ಕರಾರು ಐತ್ರಿ. ಮೊದ್ಲು ದುರಗಪ್ಪಣ್ಣನ ಮಾತು ನೀವು ಹೇಳ್ರಿ. ಅಂವ 'ಹೌದು, ಇದು ನನ್ನ ಮಾತು' ಅಂದ ಮ್ಯಾಲೆ ನಿಮ್ಮ ಮಾತು. ಅವಂಗೂ ಇದ ಕರಾರು."

"ಇದೇನ್ ಆಟ ಹಚ್ಚೀಯವಾ? ಅವನ ಮಾತು ನಾ ಯಾಕ ಆಡ್ಲಿ?"

"ಇಬ್ರ ಜೀಪಿನ್ಯಾಗೂ ನಾ ಕುಂತೇನ್ರಿ. ಇಬ್ರ ಮಾತೂ ಕೇಳೇನಿ. ನೀವು ಒಬ್ರದೊಬ್ರು ಒಂದ್ ದಿನಾನೂ ಕೇಳಿಲ್ಲ" ಎಂದಳು ಹುಸೇನಬಿ. ಎರಡೂ ಕಡೆಯವರು ಕೆಲಸ ಕೊಡುವುದನ್ನು ನಿಲ್ಲಿಸಿದರೆ ಅವಳ ಒಲೆ ಉರಿಯುತ್ತಿರಲಿಲ್ಲ.

ಗೌಡ ಮೈಕು ಕಿತ್ತುಕೊಂಡಂತೆ ಇಸಿದುಕೊಂಡ. "ಸರಿ! ದುರಗನ ಮಾತು ಏನಂದ್ರ, ಅವಂಗ ಮುಂದಿನ ಚುನಾವಣ್ಯಾಗ ಗೆಲ್ಲಬೇಕಾಗೈತಿ!" ಮೇಲಿನ ಓಣಿಯವರು ಹೋ ಎಂದು ನಕ್ಕರು.

"ಅದು ನನ್ನ ಮಾತಲ್ಲ" ಎಂದ ದುರಗಪ್ಪ.

ಹುಸೇನಬಿ ಗುಂಡಿ ಒತ್ತಿದಳು. ನಾನು ಮೂಕನಾದೆ. ಗೌಡ ಕೂಗಿದ, ತೋಳು ಬೀಸಿದ. ಮುಂದಿನ ಸಾಲಿನವರಿಗೂ ಸರಿಯಾಗಿ ಕೇಳಲಿಲ್ಲ. ಹಿಂದಿನಿಂದ ಒಂದು ಹೆಂಗಸಿನ ದನಿ ಬಂತು: "ಮಾಂವಾರ, ಹೇಳಿಬಿಡ್ರಿ. ಸಾಲಿ ಹೋಗ್ತೈತಿ." ಅದು ಗೌಡನ ಸೊಸೆ ಪಾರಕ್ಕನ ದನಿ. ಸಭೆಯಲ್ಲಿ ಅವಳು ಬಾಯಿ ತೆರೆದದ್ದನ್ನು ಯಾರೂ ಕಂಡಿರಲಿಲ್ಲ. ಗೌಡ ತಿರುಗಿ ನೋಡಿದ. ಅವಳು ತಲೆ ತಗ್ಗಿಸಲಿಲ್ಲ.

ಗೌಡ ಮೈಕನ್ನು ಮತ್ತೆ ಬಾಯಿಗೆ ಹಿಡಿದ. ಹುಸೇನಬಿ ಮತ್ತೆ ಗುಂಡಿ ಒತ್ತಿದಳು. ಈ ಸಲ ನನ್ನೊಳಗೆ ಬಂದ ದನಿ ಭಾಷಣದ್ದಾಗಿರಲಿಲ್ಲ.

"ಕೆಳಗಿನ ಓಣಿ ಹುಡುಗ್ಯಾರು ನಮ್ಮ ಓಣಿ ಹಾದು ಹೋಗುವಾಗ ನಮ್ಮ ಹುಡುಗ್ರು ಜಾತಿ ಹೆಸರಿಟ್ಟು ಕರೀತಾರ. ನಾವು ಹಿರ್ಯಾರು ಕಟ್ಟಿ ಮ್ಯಾಲೆ ಕುಂತು, ಕೇಳಿಸಿದ್ರೂ ಕೇಳದಂಗ ಇರ್ತೀವಿ. ಸಾಲಿ ಗುಡಿ ಬಯಲಾಗ ಆದ್ರ ಆ ಹುಡುಗ್ಯಾರು ದಿನಾ ಅದನ್ನ ಕೇಳ್ಕೋತ ಬರಬೇಕು. ದುರಗಪ್ಪ... ದುರಗಪ್ಪನವರು ಹೇಳೂದು ಇದು."

ದುರಗಪ್ಪನ ಕಣ್ಣಲ್ಲಿ ನೀರಿತ್ತು. ಗೌಡನ ಬಾಯಲ್ಲಿ ತನ್ನ ಹೆಸರಿಗೆ ಬಹುವಚನ ಸೇರಿದ್ದನ್ನು ಅವನು ಹುಟ್ಟಿದಂದಿನಿಂದ ಕೇಳಿರಲಿಲ್ಲ.

"ಹೌದ್ರಿ" ಎಂದ. "ಇದು ನನ್ನ ಮಾತು."

ಮೈಕು ಈಗ ದುರಗಪ್ಪನ ಕೈಗೆ ಬಂತು. ಅವನೂ ತಡವರಿಸಿದ. "ಕೆರೆ ದಂಡಿಗೆ ಹೋಗೋ ದಾರ್‍ಯಾಗ ಸರಾಯಿ ಅಂಗಡಿ ಐತಿ. ಕುಡುದವರ ನಡುವ ಹೆಣ್ಮಕ್ಕಳನ್ನ ಹೆಂಗ ಕಳಸೂದು ಅಂತ ಗೌಡ್ರ ಚಿಂತಿ. ಅಂಗಡಿ ನಮ್ಮ ಪಕ್ಷದಾವಂದು. ಅದಕ್ಕ ನಾ ಇಷ್ಟು ದಿನ ಆ ಮಾತು ಎತ್ತಗೊಡಲಿಲ್ಲ."

ಗೌಡ ಹೌದೆನ್ನುವ ಮೊದಲೇ ಕೆಳಗಿನ ಓಣಿಯ ಹೆಂಗಸರು ಎದ್ದರು. "ಮೊದ್ಲು ಆ ಅಂಗಡಿ ಕೀಳ್ರಿ! ನಾವು ಎಷ್ಟು ಬಡಕೊಂಡ್ರೂ ಕೇಳವಲ್ರಿ!" ಮೇಲಿನ ಓಣಿಯ ಹೆಂಗಸರೂ ಎದ್ದು ಅವರ ಮಗ್ಗುಲಿಗೆ ಬಂದು ನಿಂತರು. ಪಾರಕ್ಕ ಎಲ್ಲರಿಗಿಂತ ಮುಂದಿದ್ದಳು.

ಗೌಡ ಹೌದೆಂದು ಮೈಕು ತೆಗೆದುಕೊಂಡ. "ಅಂಗಡಿ ಹೋಗ್ಲಿ, ಸಾಲಿ ಕೆರೆ ದಂಡಿಗೇ ಆಗ್ಲಿ. ನನ್ನ ಮೊಮ್ಮಗಳ ಹೆಸರು ಮೊದ್ಲು ಬರಕೋರಿ. ಇನ್ನ ನಮ್ಮ ಓಣ್ಯಾಗ ಯಾರರೆ ಆ ಹುಡುಗ್ಯಾರಿಗೆ ಹೆಸರಿಟ್ಟು ಕರದ್ರ ಮೊದ್ಲು ಕಟ್ಟಿ ಬಿಟ್ಟು ಎದ್ದು ತಡಿಯಾಂವ ನಾನು."

ಜನ ಹಾಕಿದ ಚಪ್ಪಾಳೆ, ಕೇಕೆ, ಶಿಳ್ಳೆ ಮೈಕಿಗೆ ನುಗ್ಗಿ ನನ್ನ ಬಾಯಿಂದ ಹೊರಬಂದವು. ಅಂದು ನನ್ನೊಳಗೆ ಅದುರುವ ತೆಳು ಪರದೆ ಹರಿದೇ ಹೋದೀತೆನ್ನಿಸಿತು. ಹರಿದರೂ ಚಿಂತೆಯಿರಲಿಲ್ಲ. ಎರಡೂ ಓಣಿಯ ಸದ್ದು ಬೆರೆತು, ಯಾವುದು ಯಾರದೆಂದು ನನಗೇ ತಿಳಿಯದಂತೆ ಹೊರಟದ್ದು ಅದೇ ಮೊದಲು.

ಎಲ್ಲವೂ ಒಂದೇ ದಿನದಲ್ಲಿ ಸರಿಹೋಗಲಿಲ್ಲ. ಅಂಗಡಿಯವನು ತಕರಾರು ತೆಗೆದ. ಹೆಂಗಸರು ಅವನ ಬಾಗಿಲಲ್ಲೇ ರೊಟ್ಟಿ ಬುತ್ತಿ ಬಿಚ್ಚಿ ಕುಳಿತರು, ಅವನು ಅಂಗಡಿ ಎತ್ತುವ ತನಕ. ಮತ್ತೆ ಹೆಸರಿಟ್ಟು ಕರೆದ ಒಬ್ಬ ಪುಂಡನನ್ನು ಗೌಡ ಕೆಳಗಿನ ಓಣಿಗೆ ಕರೆದೊಯ್ದು ಕ್ಷಮೆ ಕೇಳಿಸಿದ. ಶಾಲೆಯ ಮೊದಲ ದಿನ ಮೇಲಿನ ಓಣಿಯ ಹುಡುಗಿಯರು ಕೆಳಗಿನ ಓಣಿಯ ನಡುವೆ ಸಾಲಾಗಿ ನಡೆದು ಹೋದರು. ಬಾಗಿಲು ಬಾಗಿಲಲ್ಲಿ ಕೆಳಗಿನ ಓಣಿಯ ಹುಡುಗಿಯರು ಆ ಸಾಲಿಗೆ ಸೇರಿಕೊಂಡರು. ಜೈತುನ ಚೀಲ ಹೆಗಲಿಗೇರಿಸಿ ಓಡುತ್ತ ಬಂದಳು.

ಚುನಾವಣೆಗಳು ಆಮೇಲೂ ಬಂದವು. ಗೌಡನೂ ದುರಗಪ್ಪನೂ ಪಕ್ಷ ಬಿಡಲಿಲ್ಲ, ಬಿಡಬೇಕೆಂದು ಯಾರೂ ಕೇಳಲೂ ಇಲ್ಲ. ಆದರೆ ಕರಾರು ಮುರಿದವರಿಗೆ ಬಿಳಿಕಟ್ಟಿಯಲ್ಲಿ ಮೈಕು ಸಿಗುತ್ತಿರಲಿಲ್ಲ. ತಮ್ಮಲ್ಲಿ ಜಗಳ ಬಿದ್ದಾಗ ಸುತ್ತಲಿನ ಊರಿನವರೂ ಈಗ ಬಂದು, "ಅಕ್ಕಾ, ಮೈಕು ನಮ್ಮಲ್ಲೂ ಐತಿ, ನೀವೊಬ್ರು ಬರ್‍ರಿ ಸಾಕು" ಎಂದು ಹುಸೇನಬಿಯನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೋಗುತ್ತಾರೆ.

ನನಗೀಗ ವಯಸ್ಸಾಗಿದೆ. ಅಂಚು ನೆಗ್ಗಿದೆ, ಬಣ್ಣ ಸುಲಿದಿದೆ, ದನಿ ಹೋಗಿದೆ. ಡಬ್ಬದಂಥ ಹೊಸ ಸ್ಪೀಕರುಗಳು ಬಂದಿವೆ. ಹುಸೇನಬಿ ನನ್ನನ್ನು ಗುಜರಿಗೆ ಹಾಕದೆ ಪಡಸಾಲೆಯ ಮೂಲೆಯಲ್ಲಿ ಇಟ್ಟುಕೊಂಡಿದ್ದಾಳೆ. ಕೂಗುವ ಕೆಲಸ ತಪ್ಪಿದ ಮೇಲೆ ಕೇಳುವ ಸುಖ ಸಿಕ್ಕಿದೆ.

ಇವತ್ತು ಪಂಚಾಯತಿಯ ಮುಂದೆ ಕೆರೆಯ ನೀರು ಹಂಚುವ ಸಭೆ. ಇಲ್ಲಿಗೂ ಎಲ್ಲ ಕೇಳಿಸುತ್ತಿದೆ. ಜಗಳ ಕರಾರಿನ ಪ್ರಕಾರವೇ ಭರ್ಜರಿಯಾಗಿ ನಡೆದಿದೆ. ಬಿಸಿಲು ನೆತ್ತಿಗೇರಿದೆ, ಊಟದ ಹೊತ್ತು ಮೀರಿದೆ, ಒಬ್ಬರೂ ಎದ್ದು ಹೋಗಿಲ್ಲ.