ಚಹಾದ ಜೊತೆ ನಿಜವನ್ನೂ ಕೊಡಿ

ಇರಕಲ್ಲಗಡದ ದುರುಗವ್ವನಿಗೆ ದಿನಾ ಬೆಳಗ್ಗೆ ಒಂದು ಫೋನು ಬರುತ್ತಿತ್ತು. ಮಗಳದ್ದಲ್ಲ, ಅಳಿಯನದ್ದಲ್ಲ, ಯಂತ್ರದ್ದು.

"ನಮಸ್ಕಾರ. ತಾವು ಇಂದು ರಕ್ತದೊತ್ತಡದ ಮಾತ್ರೆಯನ್ನು ಸೇವಿಸಿದ್ದೀರಾ? ಹೌದಾದಲ್ಲಿ ಒಂದನ್ನು ಒತ್ತಿ."

ಆಗ ದುರುಗವ್ವ ಶೇಂಗಾ ಹೊಲದಲ್ಲಿ ಕಳೆ ತೆಗೆಯುತ್ತಿರುತ್ತಿದ್ದಳು. ಮಣ್ಣುಗೈಯನ್ನು ಸೆರಗಿಗೆ ಒರೆಸಿಕೊಂಡು ಒಂದನ್ನು ಒತ್ತಿ, "ಹೂಂ, ಹೋಗಿನ್ನ" ಎಂದು ಫೋನನ್ನು ಬುತ್ತಿಚೀಲಕ್ಕೆ ತುರುಕುತ್ತಿದ್ದಳು. ಮಾತ್ರೆಗಳು ಮಾತ್ರ ಮನೆಯ ಗೋಡೆಯ ಮಾಡದಲ್ಲಿ ಧೂಳು ತಿನ್ನುತ್ತಿದ್ದವು.

ಒಂದು ಮಧ್ಯಾಹ್ನ ಆ ಫೋನು ಮಾಡಿಸುವ ಆರೋಗ್ಯ ಯೋಜನೆಯ ಅಮೃತಾ ಊರಿಗೆ ಬಂದಳು. ಯೋಜನೆ ಜನರಿಗೆ ಹಿಡಿಸಿದೆಯೋ ಇಲ್ಲವೋ ಎಂದು ಮನೆಮನೆ ಕೇಳುವುದು ಅವಳ ಕೆಲಸ. ಪಾಪ, ಬಿಸಿಲಿಗೆ ಮುಖವೆಲ್ಲ ಬಾಡಿತ್ತು. ದುರುಗವ್ವ ಚಾಪೆ ಹಾಸಿ, ಚಹಾ ಕಾಸಿ ಕೊಟ್ಟಳು.

"ನಮ್ಮ ಫೋನ್ ಹೆಂಗ ಅನಿಸೈತಿ ದೊಡ್ಡವ್ವ?"

"ಭಾಳ ಛಲೋ ಐತವ್ವ. ದಿನಾ ನೆನಪು ಮಾಡತೈತಿ."

ಅಮೃತಾಗೆ ಖುಷಿಯಾಯಿತು. ಊರಲ್ಲೆಲ್ಲ ಅವಳಿಗೆ ಇದೇ ಉತ್ತರ ಸಿಕ್ಕಿತ್ತು. ಹೋಗುವ ಮುಂಚೆ ಬಿಪಿ ನೋಡೋಣವೆಂದು ದುರುಗವ್ವನ ತೋಳಿಗೆ ಪಟ್ಟಿ ಸುತ್ತಿದಳು. ನೋಡಿದ್ದೇ ತಡ, ಅವಳ ಮುಖದ ನಗು ಹಾರಿಹೋಯಿತು.

"ದೊಡ್ಡವ್ವ, ದಿನಾ ಗುಳಗಿ ತಗೊಂಡವ್ರಿಗೆ ಬಿಪಿ ಇಷ್ಟ್ಯಾಕ ಏರತೈತಿ?"

ದುರುಗವ್ವ ಸೆರಗು ಸರಿಮಾಡಿಕೊಂಡಳು. ಪಕ್ಕದ ಮನೆಯ ಕಾಸೀಮಬೀ ಗೋಡೆಯಾಚೆಯಿಂದ ಇಣುಕಿದಳು. "ಗುಳಗಿ ಎಲ್ಲಿ ತಗೋತಾಳವ್ವ? ಕಾಗಿ ಓಡಿಸಿದಂಗ ಒಂದು ಒತ್ತಿ ಕಳಸ್ತಾಳ!"

"ನೀ ಸುಮ್ನಿರ ಕಾಸೀಮಬೀ!"

"ಯಾಕ ಸುಮ್ನಿರಲಿ? ನಿಮ್ಮಕ್ಕಗ ಬಿಪಿ ಏರಿ ಲಕ್ವಾ ಹೊಡದಾಗ ಅತ್ತಾಕಿ ನೀನ ಅಲ್ಲೇನು?"

ದುರುಗವ್ವನ ಕಣ್ಣು ತುಂಬಿತು. ಹಾಸಿಗೆ ಹಿಡಿದ ಅಕ್ಕನನ್ನು ಕಂಡಾಗಲೆಲ್ಲ, ನನಗೂ ಹೀಗಾದರೆ ಎಂದು ಅವಳ ಎದೆ ಧಸಕ್ಕೆನ್ನುತ್ತಿತ್ತು.

"ಮತ್ತ ನನಗ್ಯಾಕ ಛಲೋ ಐತಿ ಅಂದ್ರಿ?" ಎಂದಳು ಅಮೃತಾ.

"ಬಿಸಲಾಗ ನಡಕೊಂಡು ಮನಿಗೆ ಬಂದ ಹುಡುಗಿಗೆ, ನಿನ್ನ ಫೋನ್ ನೆಟ್ಟಗಿಲ್ಲ ಅಂತ ಹೆಂಗ ಅನ್ನಲಿ? ಆ ಗುಳಗಿ ತಗೊಂಡ್ರ ಕಾಲು ಬಾತು ಕುಂಡ್ರತಾವ. ಅದಕ್ಕ ಬಿಟ್ಟೆ. ನಿಮ್ಮ ಫೋನಿಗೆ ಹೌದಂದ್ರ ಒಂದು, ಇಲ್ಲಂದ್ರ ಎರಡು. ಕಾಲು ಬಾತಾವ ಅನ್ನಾಕ ಯಾವುದು ಒತ್ತಲಿ?"

ಕೊಪ್ಪಳದ ಆಫೀಸಿನಲ್ಲಿ ಕೂತು ಯೋಜನೆಯವರು ಎಲ್ಲ ಯೋಚಿಸಿದ್ದರು, ಇದೊಂದನ್ನು ಬಿಟ್ಟು.

"ತಪ್ಪು ನಮ್ಮದ್ರಿ. ಆದ್ರ ಗುಳಗಿ ನೀವ ಬಿಡಬಾರದಿತ್ತು. ನಡೀರಿ, ಡಾಕ್ಟರ್ ಹತ್ರ ಹೋಗೂಣು" ಎಂದಳು ಅಮೃತಾ.

"ಬೈತಾರವ್ವ."

"ಬೈದ್ರ ಇಬ್ಬರೂ ಬೈಸಿಕೊಳ್ಳೂಣು, ಬರ್ರಿ."

ಡಾಕ್ಟರು ಬೈಯಲಿಲ್ಲ, ಮಾತ್ರೆ ಬದಲಿಸಿಕೊಟ್ಟರು. ವಾಪಸು ಬರುವಾಗ ದುರುಗವ್ವನ ಬಾಯಿಗೆ ಬಿಡುವೇ ಇರಲಿಲ್ಲ. "ಫೋನ್ ಕಳೆ ತೆಗಿಯೂ ಹೊತ್ತಿಗೆ ಬ್ಯಾಡ, ಸಂಜಿಗೆ ರೊಟ್ಟಿ ತಿನ್ನೂ ಹೊತ್ತಿಗೆ ಬರಲಿ. ನಮ್ಮ ಮಾತಿನ್ಯಾಗ ಮಾತಾಡಲಿ. ಹಿಂದ ಒಬ್ರು ಹಿಂಗ ನಂಬರ್ ಕೊಟ್ಟು ಹೋಗ್ಯಾರ, ಈಗ ಹಚ್ಚಿದ್ರ ಯಾರೂ ಎತ್ತಂಗಿಲ್ಲ. ನೀವು ಹೋದಮ್ಯಾಲ ತ್ರಾಸಾದ್ರ ನಮ್ಮ ಫೋನ್ ಯಾರು ಎತ್ತತಾರ?"

ಆ ಪ್ರಶ್ನೆಯನ್ನು ಅಮೃತಾ ಆಫೀಸಿಗೆ ಒಯ್ದಳು, ಉತ್ತರ ಸಿಗುವವರೆಗೂ ಬಿಡಲಿಲ್ಲ.

ಈಗ ಫೋನು ಬರುವುದು ರೊಟ್ಟಿಯ ಹೊತ್ತಿಗೆ. ಅದರಲ್ಲಿ ರೆಕಾರ್ಡ್ ಮಾಡಿದ ಧ್ವನಿ ಯಾರದ್ದು ಅಂತೀರಿ? ಕಾಸೀಮಬೀಯದ್ದು! "ಯಕ್ಕಾ, ಗುಳಗಿ ತಗೊಂಡಿಯೇನು? ತ್ರಾಸ ಇದ್ರ ಮಿಸ್ಡ್ ಕಾಲ್ ಕೊಡು." ಮಿಸ್ಡ್ ಕಾಲ್ ಕೊಟ್ಟರೆ ಆರೋಗ್ಯ ಕೇಂದ್ರದ ನರ್ಸಮ್ಮನೇ ತಿರುಗಿ ಮಾತಾಡುತ್ತಾಳೆ. ಯೋಜನೆಯವರು ಊರು ಬಿಟ್ಟರೂ ಕೇಂದ್ರ ಅಲ್ಲೇ ಇರುತ್ತದಲ್ಲ.

"ಗೋಡಿ ಮ್ಯಾಲಿಂದ ಒದರೂದು ಸಾಲದಂತ ಫೋನಿನ್ಯಾಗೂ ಬಂದಾಳ ನೋಡು!" ಎಂದು ಗೊಣಗುತ್ತಲೇ ದುರುಗವ್ವ ಮಾತ್ರೆ ನುಂಗುತ್ತಾಳೆ. ಕಾಲಿನ ಬಾವು ಇಳಿದಿದೆ. ಬಿಪಿಯೂ ಹದಕ್ಕೆ ಬಂದಿದೆ.

ಮೊನ್ನೆ ಅಮೃತಾ ಮತ್ತೆ ಬಂದಿದ್ದಳು. "ಈಗ ಹೆಂಗೈತಿ ದೊಡ್ಡವ್ವ?"

"ಛಲೋ ಐತವ್ವ."

ಅಮೃತಾ ಏಳಲಿಲ್ಲ. ಚಹಾ ಕುಡಿಯುತ್ತ ಅವಳ ಮುಖವನ್ನೇ ನೋಡಿದಳು. ದುರುಗವ್ವ ನಕ್ಕುಬಿಟ್ಟಳು. "ಖರೇನ ಛಲೋ ಐತಿ. ಆದ್ರ ಒಂದು ಮಾತು..."

"ಹೇಳ್ರಿ, ಅದಕ್ಕ ಬಂದೀನಿ."

ಅಕ್ಕಂದಿರೇ, ಅಣ್ಣಂದಿರೇ, ಫೋನಿನ ಆರೋಗ್ಯ ಸೇವೆ ನಿಮ್ಮ ಊರಿಗೂ ಬಂದೀತು. ಬಿಪಿ ಮಾತ್ರೆಯನ್ನು ನೀವಾಗಿ ಬಿಡಬೇಡಿ, ತೊಂದರೆಯಾದರೆ ಡಾಕ್ಟರಿಗೆ ಹೇಳಿ. ಕೇಳಲು ಬಂದವರಿಗೆ ಚಹಾ ಕೊಡಿ, ಜೊತೆಗೆ ನಿಜವನ್ನೂ ಕೊಡಿ. ಯೋಜನೆ ಮಾಡುವವರೇ, ನಿಮಗೂ ಒಂದು ಮಾತು: "ಛಲೋ ಐತಿ" ಎಂದ ಕೂಡಲೇ ಎದ್ದು ಹೋಗಬೇಡಿ. ಇನ್ನೊಂದು ಗುಟುಕು ಚಹಾ ಕುಡಿದು, ಮತ್ತೊಮ್ಮೆ ಕೇಳಿ.